ಬಚ್ಚಿಟ್ಟ ಮೂರ್ಛೆ, ಬಚ್ಚಿಟ್ಟ ಪ್ರೀತಿ: ವೈದ್ಯ ಆಲಿವರ್ ಸ್ಯಾಕ್ಸ್



ಬಿಳಿಗೆರೆಯಲ್ಲಿ ಈ ದತ್ತಿ ಉಪನ್ಯಾಸ ಇಟ್ಟ ಮನೆಯವರು ತೆಂಗಿನ ತೋಟದ ಹುಟ್ಟುವಳಿಯಲ್ಲಿ ಒಂದು ಪಾಲು ತೆಗೆದಿಟ್ಟು, ಅದಕ್ಕೊಂದು ಕಟ್ಟುಪಾಡು ಮಾಡಿದ್ದಾರೆ. ವಿಜ್ಞಾನಕ್ಕೆ ದುಡಿದ ಒಬ್ಬರ ಬದುಕನ್ನು ಊರಿನವರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು, ಹೇಳಿದ್ದನ್ನು ಅಚ್ಚು ಹಾಕಿಸಿ ಹಂಚಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಸುತ್ತಲ ಮೂರು ತಾಲ್ಲೂಕುಗಳಲ್ಲೇ ವೈದ್ಯವೃತ್ತಿ ಮಾಡಿದ ನನ್ನನ್ನು ಕರೆದಾಗ, ನರರೋಗ ವೈದ್ಯ ಆಲಿವರ್ ಸ್ಯಾಕ್ಸ್ ಅವರ ಹೆಸರನ್ನು ನಾನೇ ಸೂಚಿಸಿದೆ. ಅವರು ಮಿದುಳಿನ ಕಾಯಿಲೆಗಳ ಬಗ್ಗೆ, ಅದರಲ್ಲೂ ಮೂರ್ಛೆಯ ಬಗ್ಗೆ, ಮನುಷ್ಯರ ಕಥೆಯ ಹಾಗೆ ಬರೆದವರು. ಗಂಡಸನ್ನು ಪ್ರೀತಿಸುವ ಗಂಡಸು. ಆ ಎರಡನೆಯ ಮಾತನ್ನು ಅವರು ಪುಸ್ತಕದಲ್ಲಿ ಬರೆದು ಪ್ರಕಟಿಸಿದಾಗ ಅವರ ವಯಸ್ಸು 81. ಅದಾದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಇವೆರಡನ್ನೂ ಒಂದೇ ವೇದಿಕೆಯಲ್ಲಿ ಏಕೆ ಹೇಳಬೇಕು ಎಂದು ಕೆಲವರು ಕೇಳಿದರು. ಅದಕ್ಕೆ ಉತ್ತರ ನಮ್ಮ ಮನೆಯ ಬಚ್ಚಲಲ್ಲೇ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆಯ ಬಚ್ಚಲುಮನೆ ನಿಮಗೆಲ್ಲ ಗೊತ್ತು. ಒಲೆಯ ಮೇಲೆ ಕೂರಿಸಿದ ಹಂಡೆ, ಒಲೆಗೆ ತೆಂಗಿನ ಮಟ್ಟೆ, ಸೋಗೆ, ಚಿಪ್ಪು. ಚಿಪ್ಪಿನ ಉರಿ ಹತ್ತಿತೆಂದರೆ ನೀರು ಕುದಿಯಲು ಎಷ್ಟು ಹೊತ್ತು? 1969ರಲ್ಲಿ, ನೀರು ತುಂಬುವ ಹಬ್ಬದ ಮಾರನೆಯ ಬೆಳಗಿನ ಜಾವ, ಚಿಕ್ಕಪ್ಪನ ಮಗಳನ್ನು ಅಜ್ಜಿ ಮಣೆಯ ಮೇಲೆ ಕೂರಿಸಿ ಎಣ್ಣೆ ತಿಕ್ಕಿ ಎರೆಯತೊಡಗಿದರು. ನನಗಿಂತ ಎರಡು ವರ್ಷ ಚಿಕ್ಕವಳು, ಹನ್ನೊಂದು ವರ್ಷದ ಹುಡುಗಿ. ಐದಾರು ಚೊಂಬು ನೀರು ತಲೆಗೆ ಬೀಳುವಷ್ಟರಲ್ಲಿ ಮಗು ಮಾತು ನಿಲ್ಲಿಸಿ ಒಂದೇ ಕಡೆ ದಿಟ್ಟಿಸಿತು. ತುಟಿ ಚಪ್ಪರಿಸಿ ಏನೋ ತೊದಲಿತು. ಆಮೇಲೆ ಗೋಡೆಗೆ ವಾಲಿ ಕೈಕಾಲು ಸೆಟೆದುಕೊಂಡಿತು. "ಅಯ್ಯೋ, ಯಾರ ಕಣ್ಣು ಬಿತ್ತೋ ಕಣವ್ವ" ಎಂದು ಅಜ್ಜಿ ಕೂಗಿಕೊಂಡದ್ದು ಇನ್ನೂ ಕಿವಿಯಲ್ಲಿದೆ. ಕೈಗೆ ಬೀಗದ ಕೈ ಹಿಡಿಸಿದರು, ಮೂಗಿಗೆ ಈರುಳ್ಳಿ ಜಜ್ಜಿ ಹಿಡಿದರು. ಎಚ್ಚರವಾದಾಗ ಅವಳಿಗೆ ಏನೂ ನೆನಪಿರಲಿಲ್ಲ.

ಆಮೇಲೆ ತಾಯತ, ಹರಕೆ, ಊರೂರಿನ ದೇವರ ಅಪ್ಪಣೆ. ಇದು ತಲೆಗೆ ಎರೆದಾಗ ಮಾತ್ರ ಬರುತ್ತದೆ ಎಂಬುದನ್ನು ಮನೆಯವರೆಲ್ಲ ಕಂಡುಕೊಂಡಿದ್ದರು. ಆದರೂ ಅದನ್ನು ನೀರಿಗೆ ಸೇರಿದ ಪೀಡೆ ಎಂದುಕೊಂಡರೇ ಹೊರತು ನೀರಿನ ಬಿಸಿಗೆ ಸೇರಿದ್ದೆಂದು ಯಾರಿಗೂ ಹೊಳೆಯಲಿಲ್ಲ. ಬಂದು ಹೋದ ಹಿರಿಯರೆಲ್ಲ ಒಂದೇ ಔಷಧ ಹೇಳುತ್ತಿದ್ದರು: "ಮದ್ವೆ ಮಾಡ್ರಿ, ಮೈನೆರೆದು ಮದ್ವೆಯಾದ ಮೇಲೆ ಇದೆಲ್ಲ ನಿಂತೋಗ್ತದೆ." 1977ರಲ್ಲಿ ಮದುವೆಯಾಯಿತು. ಗಂಡಿನ ಕಡೆಯವರಿಗೆ ಹೇಳಲಿಲ್ಲ. ನಾನು ಆಗ ಮೆಡಿಕಲ್ ಓದುತ್ತಿದ್ದೆ. "ನೀನು ಬಾಯಿ ಬಿಡಬೇಡ" ಎಂದು ಚಿಕ್ಕಪ್ಪ ಅಂದರು, ನಾನು ಬಾಯಿ ಬಿಡಲಿಲ್ಲ. ಗಂಡನ ಮನೆಯಲ್ಲಿ ಮೊದಲ ಹಬ್ಬದ ಎಣ್ಣೆನೀರಿನ ದಿನ ಅತ್ತೆಯ ಕಣ್ಣೆದುರೇ ಬಿದ್ದಳು. ವರ್ಷ ತುಂಬುವ ಮೊದಲೇ ತವರಿಗೆ ವಾಪಸು ಬಂದು, ಉಳಿದ ಬದುಕನ್ನು ನಮ್ಮ ಹಟ್ಟಿಯಲ್ಲೇ ಕಳೆದು, ಅಲ್ಲೇ ತೀರಿಹೋದಳು.

ಈಗ ಹೇಳುವುದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಅವಳು ಬಚ್ಚಲಲ್ಲಿ ಬಿದ್ದದ್ದು 1969ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ, 1968ರಲ್ಲಿ, ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಈ ಕಾಯಿಲೆಯ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಅದಕ್ಕೆ ಬಿಸಿನೀರಿನ ಮೂರ್ಛೆ ಎಂದೇ ಹೆಸರು. ಪ್ರಪಂಚದ ಬೇರೆ ಕಡೆ ಅಲ್ಲೊಂದು ಇಲ್ಲೊಂದು ಕಾಣುವ ಇದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ಗುಂಪುಗುಂಪಾಗಿ ಕಾಣುತ್ತದೆ. ಮುಂದೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಗಾರರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. 40ರಿಂದ 50 ಡಿಗ್ರಿ ಬಿಸಿಯ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುವ ನಮ್ಮ ಅಭ್ಯಾಸವೇ ಅದಕ್ಕೆ ಕಿಡಿ. ಆ ಕಿಡಿ ತಾಗುವುದು ಎಲ್ಲರಿಗೂ ಅಲ್ಲ, ಹುಟ್ಟಿನಿಂದ ಆ ಒಲವು ಇರುವ ಕೆಲವರಿಗೆ ಮಾತ್ರ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲಿ ಹರಿದು ಬರುವುದನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ವಂಶವಾಹಿಗಳ ಮಟ್ಟದಲ್ಲಿ ಹುಡುಕಿದೆ. ಚಿಕಿತ್ಸೆ ಕೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ನೀರಿನ ಬಿಸಿ ಇಳಿಸಬೇಕು. ಅಷ್ಟಕ್ಕೆ ನಿಲ್ಲದಿದ್ದರೆ ಎರೆದುಕೊಳ್ಳುವ ಮೊದಲು ಒಂದು ಮಾತ್ರೆ. ಬೇರೆ ಹೊತ್ತಿನಲ್ಲೂ ಮೂರ್ಛೆ ಬರುವವರಿಗೆ ಮಾತ್ರ ದಿನವೂ ಔಷಧ.

ನನ್ನ ತಂಗಿಗೆ ಬೇಕಾಗಿದ್ದದ್ದು ಉಗುರುಬೆಚ್ಚಗಿನ ಎರಡು ಬಿಂದಿಗೆ ನೀರು.

ಈ ಬಗೆಯ ಮೂರ್ಛೆಯಲ್ಲಿ ಹೆಚ್ಚಾಗಿ ಕಿಡಿ ಹೊತ್ತಿಕೊಳ್ಳುವುದು ಮಿದುಳಿನ ಟೆಂಪೊರಲ್ ಹಾಲೆಯಲ್ಲಿ. ಕಿವಿಯ ನೇರಕ್ಕೆ, ತಲೆಬುರುಡೆಯ ಒಳಗೆ ಇರುವ ಭಾಗ ಅದು. ನೆನಪು, ವಾಸನೆ, ಸಂಗೀತ, ಹಳೆಯ ಭಾವ ಎಲ್ಲಕ್ಕೂ ಅದರ ನಂಟುಂಟು. ಅಲ್ಲಿ ಎದ್ದ ಮೂರ್ಛೆ ಎಲ್ಲರನ್ನೂ ನೆಲಕ್ಕೆ ಕೆಡವುವುದಿಲ್ಲ. ಕೆಲವರು ಸುಮ್ಮನೆ ದಿಟ್ಟಿಸುತ್ತಾರೆ. ಕೆಲವರಿಗೆ ಎಲ್ಲೂ ಇಲ್ಲದ ವಾಸನೆ ಬರುತ್ತದೆ, ಹಿಂದೆಂದೋ ಕಂಡ ಜಾಗ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಕನಸಿನಂಥ ಸ್ಥಿತಿ ಎಂದು ಕರೆದರು. ಆಲಿವರ್ ಸ್ಯಾಕ್ಸ್ ಗುರುವೆಂದು ಮನಸಾರೆ ಒಪ್ಪಿಕೊಂಡವರಲ್ಲಿ ಈ ಜಾಕ್ಸನ್ ಒಬ್ಬರು, ರಷ್ಯದ ಲೂರಿಯ ಇನ್ನೊಬ್ಬರು.

ಸ್ಯಾಕ್ಸ್ ಹುಟ್ಟಿದ್ದು 1933ರ ಜುಲೈ 9ರಂದು, ಲಂಡನ್ನಿನ ಯಹೂದಿ ಮನೆತನದಲ್ಲಿ. ತಂದೆ ವೈದ್ಯರು. ತಾಯಿ ಮ್ಯೂರಿಯಲ್, ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯೆಯರಾದ ಮೊದಲ ಕೆಲವು ಹೆಂಗಸರಲ್ಲಿ ಒಬ್ಬರು. ನಾಲ್ಕು ಗಂಡುಮಕ್ಕಳಲ್ಲಿ ಆಲಿವರ್ ಕೊನೆಯವರು. ಆಕ್ಸ್‌ಫರ್ಡಿನಲ್ಲಿ ಓದಿ, ಲಂಡನ್ನಿನಲ್ಲಿ ವೈದ್ಯರಾಗಿ, 1960ರಲ್ಲಿ ತಮ್ಮ ಇಪ್ಪತ್ತೇಳನೆಯ ಹುಟ್ಟುಹಬ್ಬದ ದಿನವೇ ದೇಶ ಬಿಟ್ಟು ಕೆನಡಾಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ನರರೋಗ ತರಬೇತಿ. ಮೋಟರ್ ಸೈಕಲ್ ಹುಚ್ಚು, ಭಾರ ಎತ್ತುವ ಹುಚ್ಚು. 1961ರಲ್ಲಿ 600 ಪೌಂಡು ಭಾರ ಹೊತ್ತು ಕೂತೆದ್ದು ಅಲ್ಲಿನ ರಾಜ್ಯ ದಾಖಲೆ ಮಾಡಿದ್ದರು. 1965ರಲ್ಲಿ ನ್ಯೂಯಾರ್ಕಿಗೆ ಬಂದು ಪ್ರಯೋಗಾಲಯದ ಸಂಶೋಧನೆಗೆ ಕೂತರು. ಅದು ಅವರ ಕೈಗೆ ಹತ್ತಲಿಲ್ಲ. ತಿಂಗಳುಗಟ್ಟಲೆ ಎರೆಹುಳುಗಳಿಂದ ತೆಗೆದ ಸತ್ವವನ್ನೂ ಬರೆದಿಟ್ಟ ಟಿಪ್ಪಣಿಗಳನ್ನೂ ಕಳೆದರು. ಮೇಲಿನವರು, ನೀನು ರೋಗಿಗಳನ್ನು ನೋಡಲು ಹೋಗು ಎಂದು ಕಳಿಸಿಬಿಟ್ಟರು. ವೈದ್ಯಶಾಸ್ತ್ರಕ್ಕೆ ಅದರಿಂದ ಒಳ್ಳೆಯದೇ ಆಯಿತು.

1966ರಲ್ಲಿ ಅವರು ಸೇರಿದ ನ್ಯೂಯಾರ್ಕಿನ ಬೆತ್ ಅಬ್ರಹಾಂ ಆಸ್ಪತ್ರೆಯಲ್ಲಿ, ಒಂದನೆಯ ಮಹಾಯುದ್ಧದ ಕಾಲದ ನಿದ್ರಾಜ್ವರದಿಂದ ಬದುಕುಳಿದು, ದಶಕಗಟ್ಟಲೆ ಕಲ್ಲಿನಂತೆ ಕೂತುಬಿಟ್ಟಿದ್ದ ರೋಗಿಗಳಿದ್ದರು. 1969ರಲ್ಲಿ ಸ್ಯಾಕ್ಸ್ ಆ ರೋಗಿಗಳಿಗೆ ಎಲ್-ಡೋಪಾ ಎಂಬ ಹೊಸ ಔಷಧ ಕೊಟ್ಟರು. ಅವರು ಎದ್ದು ನಡೆದರು, ಮಾತಾಡಿದರು, ಹಾಡಿದರು. ಕೆಲವು ವಾರ, ಕೆಲವು ತಿಂಗಳು ಕಳೆದ ಮೇಲೆ ಬಹುಪಾಲು ಜನ ಮತ್ತೆ ತೊಂದರೆಗೆ ಸಿಕ್ಕಿಕೊಂಡರು. 1973ರಲ್ಲಿ ಬಂದ 'ಅವೇಕನಿಂಗ್ಸ್' ಆ ಕಥೆ. ಅದು 1990ರಲ್ಲಿ ಸಿನಿಮಾ ಕೂಡ ಆಯಿತು. ಇದನ್ನು ನೀವು ಬೇರೆ ಕಡೆ ಓದಬಹುದಾದ್ದರಿಂದ ನಾನಿಲ್ಲಿ ಹೆಚ್ಚು ಹೇಳುವುದಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು 1985ರಲ್ಲಿ ಬಂದ, ಹೆಂಡತಿಯನ್ನು ಟೋಪಿಯೆಂದು ತಪ್ಪಾಗಿ ತಿಳಿದವನ ಕಥೆಯ ಪುಸ್ತಕ. ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಅದರ ಮೂರ್ಛೆಯ ಪ್ರಸಂಗಗಳಲ್ಲಿ ಎರಡನ್ನು ಹೇಳುತ್ತೇನೆ. ಒಂದು, ವೃದ್ಧಾಶ್ರಮದಲ್ಲಿದ್ದ ಐರಿಷ್ ಮುದುಕಿಯದು. ಒಂದು ರಾತ್ರಿ ಇದ್ದಕ್ಕಿದ್ದಂತೆ ಆಕೆಗೆ ಬಾಲ್ಯದ ಹಾಡುಗಳು ಜೋರಾಗಿ ಕೇಳಿಸತೊಡಗಿದವು. ರೇಡಿಯೋ ಆರಿಸಿ ಅಂದರೆ ರೇಡಿಯೋ ಹಾಕೇ ಇರಲಿಲ್ಲ. ಪರೀಕ್ಷೆ ಮಾಡಿದರೆ ಟೆಂಪೊರಲ್ ಹಾಲೆಯಲ್ಲಿ ಮೂರ್ಛೆಯ ಅಲೆಗಳು. ಆಕೆ ಐದು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು ಅಮೆರಿಕಕ್ಕೆ ಸಾಗಿಬಂದವಳು. ಆ ಕಾಯಿಲೆ ಅವಳಿಗೆ ಮರೆತೇಹೋಗಿದ್ದ ತಾಯ ಮಡಿಲನ್ನು ತಂದುಕೊಟ್ಟಿತ್ತು. ಹಾಡು ನಿಂತದ್ದು ಒಳ್ಳೆಯದಾಯಿತು, ಆದರೆ ಅದು ಬಂದದ್ದೂ ಒಳ್ಳೆಯದಾಯಿತು ಎಂಬ ಭಾವ ಆಕೆಯದು. ಮೂರ್ಛೆಯನ್ನು ನಿಲ್ಲಿಸುವುದಷ್ಟೇ ವೈದ್ಯನ ಕೆಲಸ ಎಂದು ಕಲಿತಿದ್ದ ನನಗೆ ಇದು ಹೊಸ ಪಾಠ.

ಇನ್ನೊಂದು ಪ್ರಸಂಗ ನಮ್ಮ ದೇಶದ ಹುಡುಗಿಯದು. ವಯಸ್ಸು ಹತ್ತೊಂಬತ್ತು. ಟೆಂಪೊರಲ್ ಹಾಲೆಯಲ್ಲಿ ಗಡ್ಡೆ. ಏಳು ವರ್ಷದವಳಿದ್ದಾಗ ಒಮ್ಮೆ ತೆಗೆದಿದ್ದರು, ವಾಸಿಯಾಯಿತು ಎಂದುಕೊಂಡಿದ್ದರು, ಮತ್ತೆ ಬಂತು, ಈ ಸಲ ತೆಗೆಯುವಂತಿರಲಿಲ್ಲ. 1978ರಲ್ಲಿ, ಇನ್ನು ಗುಣವಾಗದವರನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿ ಸೇರಿಸಿದ್ದರು. ಮೊದಮೊದಲು ದೊಡ್ಡ ಮೂರ್ಛೆಗಳು ಬರುತ್ತಿದ್ದವು. ಆಮೇಲೆ ಬೇರೆ ಬಗೆಯವು ಶುರುವಾದವು. ಹುಡುಗಿ ಮೆಲ್ಲಗೆ ಕನಸಿಗೆ ಜಾರುತ್ತಿದ್ದಳು. ಆ ಕನಸಿನಲ್ಲಿ ಭಾರತ. ಬಾಲ್ಯದ ಹಳ್ಳಿ, ಮನೆ, ತೋಟ. ಸ್ಯಾಕ್ಸ್ ಅದು ಔಷಧದ ಕಾಟವೇ ಎಂದು ಯೋಚಿಸಿದರು, ಮೂರ್ಛೆಯೇ ಎಂದು ಯೋಚಿಸಿದರು. ಜೊತೆಗೆ, ನಾವು ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು. ನಿನಗೆ ಏನಾಗುತ್ತಿದೆ? ಮನೆಗೆ ಹೋಗುತ್ತಿದ್ದೇನೆ ಎಂಬ ನೆಮ್ಮದಿಯಲ್ಲಿ ಕೆಲವು ವಾರಗಳಲ್ಲಿ ಹೋಗಿಯೇಬಿಟ್ಟಳು.

ನಮ್ಮ ಹಿಂದಿನವರು ಈ ಕಾಯಿಲೆಗೆ ಅಪಸ್ಮಾರ ಎಂದು ಹೆಸರಿಟ್ಟರು. ಸ್ಮೃತಿ ತೊಲಗುವುದು ಎಂದು ಅದರ ಅರ್ಥ. ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು. ಈ ಹುಡುಗಿಗೆ ಆದದ್ದು ಅದಕ್ಕೆ ತಿರುಗುಮುರುಗು, ಕಾಯಿಲೆಯೇ ನೆನಪನ್ನು ತಂದಿತು. ಓದಿದ ದಿನ ನಾನು ಲೆಕ್ಕ ಹಾಕಿದೆ. ನನ್ನ ತಂಗಿಯೂ ಆ ಹುಡುಗಿಯೂ ಹೆಚ್ಚುಕಡಿಮೆ ಒಂದೇ ವಾರಿಗೆಯವರು. ಅದೇ 1978ರಲ್ಲಿ ಇವಳು ಗಂಡನ ಮನೆಯಿಂದ ವಾಪಸಾದದ್ದು. ನೀರು ಬಿದ್ದ ಆ ಗಳಿಗೆಯಲ್ಲಿ ನಿನಗೆ ಏನು ಕಾಣುತ್ತಿತ್ತವ್ವ ಎಂದು ಇವಳು ಸಾಯುವವರೆಗೂ ನಾನು ಕೇಳಲಿಲ್ಲ.

ಸ್ಯಾಕ್ಸ್ ಆ ಪ್ರಸಂಗಕ್ಕೆ ಇಟ್ಟ ಹೆಸರು 'ಎ ಪ್ಯಾಸೇಜ್ ಟು ಇಂಡಿಯಾ'. ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ ಕಾದಂಬರಿಯ ಹೆಸರೂ ಅದೇ. ಫಾರ್ಸ್ಟರ್ ಕೂಡ ಸಲಿಂಗಪ್ರೇಮಿ. ಗಂಡಸರಿಬ್ಬರ ಪ್ರೀತಿಯ ಬಗ್ಗೆ 1913-14ರಲ್ಲೇ ಬರೆದ 'ಮಾರಿಸ್' ಕಾದಂಬರಿಯನ್ನು ಬದುಕಿರುವವರೆಗೂ ಪ್ರಕಟಿಸಲಿಲ್ಲ. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ.

ಏಕೆ ಹಾಗೆ ಬಚ್ಚಿಡಬೇಕಿತ್ತು ಎಂಬುದಕ್ಕೆ ಸ್ಯಾಕ್ಸ್ ಮನೆಯಲ್ಲಿ ನಡೆದದ್ದೇ ಸಾಕು. ಹದಿನೆಂಟರ ಹುಡುಗ ಆಕ್ಸ್‌ಫರ್ಡಿಗೆ ಹೊರಟಾಗ ತಂದೆ ಮೆಲ್ಲಗೆ ಕೇಳಿದರು: ನಿನಗೆ ಹುಡುಗಿಯರ ಮೇಲೆ ಮನಸ್ಸಿಲ್ಲವೇ, ಹುಡುಗರ ಮೇಲೋ? ಹೌದು, ಬರಿಯ ಮನಸ್ಸು ಮಾತ್ರ, ಅಮ್ಮನಿಗೆ ಹೇಳಬೇಡಿ ಎಂದ ಮಗ. ತಂದೆ ಹೇಳಿದರು. ಮರುದಿನ ಬೆಳಿಗ್ಗೆ ತಾಯಿ ಮೆಟ್ಟಿಲಿಳಿದು ಬಂದು, ನೀನು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತಾಡಿ, ಕೆಲವು ದಿನ ಮಗನೊಂದಿಗೆ ಮಾತು ಬಿಟ್ಟರು. ಮತ್ತೆ ಮಾತಾಡಿದಾಗ ಆ ವಿಷಯ ಎತ್ತಲೇ ಇಲ್ಲ, ಮುಂದೆ ಯಾವತ್ತೂ ಎತ್ತಲಿಲ್ಲ. ಆಕೆ ಕೆಟ್ಟ ತಾಯಿಯಲ್ಲ. ಮಗನನ್ನು ಪ್ರೀತಿಸಿದವರು, ವೈದ್ಯಶಾಸ್ತ್ರದ ರುಚಿ ಹತ್ತಿಸಿದವರು, ರೋಗಿಗಳ ಕಥೆ ಹೇಳುತ್ತ ಬೆಳೆಸಿದವರು. ತಾಯಿಯ ಮಾತು ಅವರು ಬೆಳೆದ ಧರ್ಮಗ್ರಂಥದ ಮಾತು ಎಂದು ಮಗ ಮುಂದೆ ಅರ್ಥ ಮಾಡಿಕೊಂಡರು. ಆದರೂ ಆ ಒಂದು ಮಾತು ಬದುಕಿನ ಬಹುಪಾಲು ಬೆನ್ನು ಹತ್ತಿತ್ತು ಎಂಬುದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆ ಕಾಲದ ಇಂಗ್ಲೆಂಡಿನಲ್ಲಿ ಗಂಡಸರಿಬ್ಬರ ಸಂಗ ಜೈಲಿಗೆ ಹಾಕುವ ಅಪರಾಧ. ಕಂಪ್ಯೂಟರಿನ ತಾತ್ವಿಕ ತಳಹದಿ ಹಾಕಿದ ಅಲನ್ ಟ್ಯೂರಿಂಗ್ ಅವರಿಗೆ 1952ರಲ್ಲಿ ಶಿಕ್ಷೆಯಾಗಿ, ಜೈಲಿನ ಬದಲು ಹಾರ್ಮೋನ್ ಚುಚ್ಚಿದರು. ಎರಡು ವರ್ಷಕ್ಕೆ ಅವರು ಸತ್ತರು. ಅಲ್ಲಿ ಕಾನೂನು ಸಡಿಲವಾದದ್ದು 1967ರಲ್ಲಿ. ಆ ಇಂಗ್ಲಿಷರೇ 1860ರ ದಂಡಸಂಹಿತೆಯಲ್ಲಿ 377 ಎಂಬ ಸಂಖ್ಯೆ ಹಾಕಿ ನಮಗೆ ಬಿಟ್ಟುಹೋದ ಕಲಮಿನಿಂದ ನಾವು ಬಿಡಿಸಿಕೊಂಡದ್ದು 2018ರ ಸೆಪ್ಟೆಂಬರ್ 6ರಂದು. ಅವರಿಗಿಂತ ಐವತ್ತೊಂದು ವರ್ಷ ತಡವಾಗಿ.

ಸ್ಯಾಕ್ಸ್ ಅಮೆರಿಕದಲ್ಲಿ ಒಂದೆರಡು ಸಲ ಪ್ರೀತಿಸಿದರು, ನೊಂದರು. ಸುಮಾರು ನಲವತ್ತನೆಯ ವಯಸ್ಸಿನಿಂದ ಮುಂದಿನ 35 ವರ್ಷ ಯಾರ ಸಂಗವೂ ಇಲ್ಲದೆ ಒಂಟಿಯಾಗಿದ್ದರು. ಆ ನೋವೇ ಅವರನ್ನು ದೊಡ್ಡ ವೈದ್ಯನನ್ನಾಗಿ ಮಾಡಿತು, ಮರೆಸಿಟ್ಟ ಬದುಕೇ ಬೇರೆಯವರ ಮರೆಯನ್ನು ಕಾಣುವ ಕಣ್ಣು ಕೊಟ್ಟಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟ ಕಾಯಿ ಒಳಗೇ ನೀರಿಂಗಿ ಕೊಬ್ಬರಿಯಾಗುತ್ತದೆ, ಸರಿ. ಮನುಷ್ಯನನ್ನು ಅಟ್ಟಕ್ಕೆ ಹಾಕಿದರೆ ಅವನು ಹಾಗೆ ಹದವಾಗುವುದಿಲ್ಲ. ಸ್ಯಾಕ್ಸ್ ರೋಗಿಯ ಪಕ್ಕ ಗಂಟೆಗಟ್ಟಲೆ ಕೂತದ್ದು ಅವರ ಕರುಣೆಯಿಂದ, ಕುತೂಹಲದಿಂದ, ದುಡಿಮೆಯಿಂದ. ಆ 35 ವರ್ಷ ನಷ್ಟ. ಅದನ್ನು ತಪಸ್ಸು ಎಂದು ಕರೆದು ಸಮಾಜದ ತಪ್ಪನ್ನು ಮುಚ್ಚಬಾರದು.

ಈಗ ನನ್ನದೇ ತಪ್ಪನ್ನು ಹೇಳುತ್ತೇನೆ. ನಾನು ವೃತ್ತಿಗೆ ಬಂದ ಹೊಸತರಲ್ಲಿ ಒಬ್ಬ ತಂದೆ ಇಪ್ಪತ್ತೆರಡರ ಮಗನನ್ನು ಕರೆತಂದರು. ತೆಂಗಿನ ತೋಟ, ಒಬ್ಬನೇ ಮಗ. ಓರಗೆಯ ಹುಡುಗನೊಬ್ಬನ ಜೊತೆ ಅವನ ಒಡನಾಟ ಅಪ್ಪನಿಗೆ ಗೊತ್ತಾಗಿತ್ತು. "ಏನಾದ್ರೂ ಮಾತ್ರೆ ಕೊಡಿ ಸ್ವಾಮಿ" ಎಂದರು. ಹುಡುಗ ನೆಲ ನೋಡುತ್ತ ನಿಂತಿದ್ದ. ನನಗೆ ಓದಿಸಿದ್ದ ಪುಸ್ತಕಗಳಲ್ಲಿ ಅಂಥ ಪ್ರೀತಿ ಇನ್ನೂ ರೋಗಗಳ ಪಟ್ಟಿಯಲ್ಲಿತ್ತು. ಅಮೆರಿಕದ ಮನೋವೈದ್ಯರು 1973ರಲ್ಲೇ ಅದನ್ನು ಕೈಬಿಟ್ಟಿದ್ದರೂ ಆ ಸುದ್ದಿ ನನಗೆ ಮುಟ್ಟಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 1990ರ ಮೇ 17ರಂದು. ನಾನು ಆ ತಂದೆಗೆ ಹೇಳಿದ್ದು: "ಮದುವೆ ಮಾಡಿ, ಸರಿಹೋಗುತ್ತಾನೆ." ನನ್ನ ತಂಗಿಗೆ ಊರಿನವರು ಬರೆದುಕೊಟ್ಟ ಅದೇ ಔಷಧವನ್ನು, ಅವಳ ಗತಿ ಕಣ್ಣಾರೆ ಕಂಡ ನಾನು, ಬಿಳಿಯ ಕೋಟು ಹಾಕಿಕೊಂಡು ಇನ್ನೊಬ್ಬರ ಮಗನಿಗೆ ಬರೆದುಕೊಟ್ಟೆ. ಮದುವೆಯಾಯಿತು. ಇಬ್ಬರ ಬದುಕು ಹಾಳಾಯಿತು, ಅವನದೂ, ಏನೂ ಅರಿಯದೆ ಬಂದ ಆ ಹೆಣ್ಣುಮಗಳದೂ.

ಈ ಎರಡನ್ನು ಜೋಡಿಸಿ ಹೇಳುವಾಗ ಒಂದು ಎಚ್ಚರ ಬೇಕು. ಮೂರ್ಛೆ ಕಾಯಿಲೆ, ಅದಕ್ಕೆ ಔಷಧವಿದೆ, ಔಷಧ ಕೊಡಲೇಬೇಕು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಕಾಯಿಲೆಯಲ್ಲ, ಅದಕ್ಕೆ ಔಷಧವಿಲ್ಲ, ಕೊಡಲೂ ಕೂಡದು. 1960ರ ದಶಕದ ಇಂಗ್ಲೆಂಡಿನಲ್ಲಿ ಆ ಮನಸ್ಸು ಬಿಡಿಸಲೆಂದು ಆಸ್ಪತ್ರೆಗಳಲ್ಲೇ ಕರೆಂಟಿನ ಶಾಕ್ ಕೊಟ್ಟರು. ನಮ್ಮಲ್ಲಿ 2018ರಲ್ಲಿ ಭಾರತೀಯ ಮನೋವೈದ್ಯರ ಸಂಘ ಇದು ರೋಗವಲ್ಲ ಎಂದು ಸಾರಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಇಂಥ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿದ್ರೋಹವೆಂದು ಘೋಷಿಸಿತು. ನಾನು ಆ ತಂದೆಗೆ ಹೇಳಿದಂಥ ಸಲಹೆಯನ್ನು ಇವತ್ತು ಯಾವ ವೈದ್ಯ ಹೇಳಿದರೂ ನೀವು ಪ್ರಶ್ನಿಸಬಹುದು.

ಎರಡಕ್ಕೂ ಸಮಾನವಾದದ್ದು ಬಚ್ಚಿಡುವ ಜಾಗ, ಅದು ಮದುವೆಯ ಮಾತುಕತೆ. ಕಾನೂನು ಕೂಡ ಅಲ್ಲಿಗೇ ಬಂದು ಕೂತಿತ್ತು. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ಮಾಡಿ, ಮತ್ತೆ ಮತ್ತೆ ಹುಚ್ಚು ಅಥವಾ ಮೂರ್ಛೆ ಬರುವವರ ಮದುವೆಯನ್ನು ರದ್ದು ಮಾಡಿಸಬಹುದು ಎಂದು ಬರೆದರು. ನನ್ನ ತಂಗಿಯ ಮದುವೆಯಾದದ್ದು ಅದರ ಮರುವರ್ಷ. ಹೇಳಿದರೆ ಮದುವೆಯಿಲ್ಲ, ಹೇಳದಿದ್ದರೆ ಮದುವೆ ಉಳಿಯುವುದಿಲ್ಲ. 1999ರ ಡಿಸೆಂಬರಿನಲ್ಲಿ ಆ ಮೂರ್ಛೆ ಎಂಬ ಪದವನ್ನು ಕಾಯ್ದೆಯಿಂದ ಕಿತ್ತುಹಾಕಿದರು. ಇಪ್ಪತ್ತಮೂರು ವರ್ಷ ಆ ಒಂದು ಪದ ಎಷ್ಟು ಹೆಣ್ಣುಮಕ್ಕಳನ್ನು ತವರಿನ ಮೂಲೆಗೆ ತಳ್ಳಿತೋ. ಸಲಿಂಗಪ್ರೇಮಿಗಳ ಮದುವೆಯ ಪ್ರಶ್ನೆಯಾದರೋ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದು ಸಂಸತ್ತಿನ ಕೆಲಸ ಎಂದು ಬಿಟ್ಟುಕೊಟ್ಟರು. ಅಪರಾಧ ಹೋಯಿತು, ಮದುವೆ ಇನ್ನೂ ಬಂದಿಲ್ಲ.

ಕಾನೂನು ಮುಂದೆ ಹೋದ ಕಡೆಯೂ ಮನೆಗಳು ಹಿಂದೆ ಉಳಿದಿವೆ. ಬೆಂಗಳೂರು ಮತ್ತು ಅದರ ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಮೂರ್ಛೆ ಇತ್ತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಆ ಲೆಕ್ಕದಲ್ಲಿ ನಮ್ಮಂಥ ಪ್ರತಿ ದೊಡ್ಡ ಹಳ್ಳಿಯಲ್ಲೂ ಹತ್ತಾರು ಜನ ಇರಬೇಕು. ನೀವು ಎಷ್ಟು ಜನರನ್ನು ಬಲ್ಲಿರಿ? ಔಷಧ ಸರಿಯಾಗಿ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನಕ್ಕೆ ಮೂರ್ಛೆ ಬರದಂತೆ ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಾ. ಮಣಿ ಯಳಂದೂರು ತಾಲ್ಲೂಕಿನ ಹಳ್ಳಿಗಳಿಗೇ ಹೋಗಿ, ದುಬಾರಿಯಲ್ಲದ ಫಿನೊಬಾರ್ಬಿಟೋನ್, ಫಿನಿಟಾಯಿನ್ ಮಾತ್ರೆಗಳಿಂದಲೇ ಅದನ್ನು ಮಾಡಿ ತೋರಿಸಿದರು. ನನ್ನ ಬಳಿ ಬರುತ್ತಿದ್ದ ಹುಡುಗಿಯರಲ್ಲಿ ಹಲವರು ನೋಡಲು ಬಂದ ಗಂಡಿನ ಕಡೆಯವರು ಕಂಡಾರೆಂದು ಮಾತ್ರೆ ಬಿಟ್ಟು, ಮದುವೆ ಮನೆಯ ನಿದ್ದೆಗೇಡಿನಲ್ಲಿ ಬೀಳುತ್ತಿದ್ದರು.

ಕನ್ನಡದ ಬಗ್ಗೆ ಒಂದು ಮಾತನ್ನು ಹೆಮ್ಮೆಯಿಂದ ಹೇಳಬೇಕು. ಸ್ಯಾಕ್ಸ್ ತಮ್ಮ 'ಆನ್ ದ ಮೂವ್' ಆತ್ಮಕಥೆಯಲ್ಲಿ ಬಾಯಿ ಬಿಟ್ಟದ್ದು 2015ರಲ್ಲಿ. ಸಂಡೂರಿನ ನಮ್ಮ ವಸುಧೇಂದ್ರ 'ಮೋಹನಸ್ವಾಮಿ' ಕಥೆಗಳನ್ನು ಪ್ರಕಟಿಸಿ, ತಾವು ಗೇ ಎಂಬುದನ್ನು ಓದುಗರ ಮುಂದೆ ಇಟ್ಟದ್ದು 2013ರಲ್ಲಿ, 377ರ ತೀರ್ಪಿಗೆ ಐದು ವರ್ಷ ಮೊದಲೇ. ಆ ಪುಸ್ತಕ ನನ್ನ ಕೈಗೆ ಬಂದ ಮೇಲೆಯೇ ನನಗೆ ಆ ಇಪ್ಪತ್ತೆರಡರ ಹುಡುಗ ನೆಲ ನೋಡುತ್ತ ನಿಂತದ್ದರ ಅರ್ಥ ಪೂರ್ತಿಯಾಗಿ ಆದದ್ದು. ಕ್ಷಮೆ ಕೇಳೋಣವೆಂದು ಹುಡುಕಿದೆ. ತೋಟ ಮಾರಿ ಎಲ್ಲೋ ಹೋಗಿದ್ದ.

ಸ್ಯಾಕ್ಸ್‌ಗೆ ಕೊನೆಯಲ್ಲಿ ಪ್ರೀತಿ ಸಿಕ್ಕಿತು. 75 ದಾಟಿದ ಮೇಲೆ ಬಿಲ್ ಹೇಯ್ಸ್ ಎಂಬ ಲೇಖಕ ಅವರ ಬದುಕಿಗೆ ಬಂದರು. ಅಷ್ಟರಲ್ಲಿ ಸ್ಯಾಕ್ಸ್ ಬಲಗಣ್ಣಿಗೆ ಕ್ಯಾನ್ಸರ್ ಬಂದುಹೋಗಿತ್ತು. ಅದೇ 2015ರ ಹೊತ್ತಿಗೆ ಯಕೃತ್ತಿಗೆ ಹಬ್ಬಿತು. ಆ ವರ್ಷದ ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಬರೆದು ತಾವು ಸಾಯಲಿರುವುದನ್ನು ಓದುಗರಿಗೆ ತಿಳಿಸಿದರು. ಆಗಸ್ಟ್ 30ರಂದು, 82ರ ವಯಸ್ಸಿನಲ್ಲಿ, ಪ್ರೀತಿಸಿದವರು ಪಕ್ಕದಲ್ಲಿರುವಾಗ ತೀರಿಕೊಂಡರು. ಒಟ್ಟು ಆರೇಳು ವರ್ಷದ ಜೊತೆ.

ಈ ಸಭೆಯಲ್ಲಿ ಕೂತ ತಾಯ್ತಂದೆಯರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ಬಂದರೆ ಬೀಗದ ಕೈ ಹುಡುಕಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ಮಗುವಿಗೆ ತಲೆಗೆ ಎರೆಯುವಾಗ ಮೊದಲ ಚೊಂಬನ್ನು ನಿಮ್ಮ ಕೈಮೇಲೆ ಸುರಿದುಕೊಂಡು ನೋಡಿ. ಬರೆದುಕೊಟ್ಟ ಮಾತ್ರೆಯನ್ನು ಮದುವೆ ಮಾತುಕತೆಗಾಗಿ ನಿಲ್ಲಿಸಬೇಡಿ. ಮತ್ತೆ, ಒಂದು ದಿನ ಮಗನೋ ಮಗಳೋ ಎದುರು ಕೂತು, ನನಗೆ ನೀವು ನೋಡಿದ ಮದುವೆ ಬೇಡ, ನನ್ನ ಮನಸ್ಸು ಬೇರೆ ಥರ ಇದೆ ಎಂದು ಹೇಳಿದರೆ, ಅವತ್ತು ರಾತ್ರಿಯ ಊಟಕ್ಕೆ ಆ ಮಗುವನ್ನು ಎಂದಿನ ಹಾಗೇ ಕರೆಯಿರಿ.